ಪಕ್ಕದ ತಂತಿ

ಕೊಯ್ಲು ಮುಗಿದು ಚಳಿ ಕಾಲಿಡುತ್ತಿದ್ದ ದಿನಗಳು. ಅಂಗಳದಲ್ಲಿ ಮೆಕ್ಕೆಜೋಳದ ತೆನೆಗಳ ರಾಶಿ ಬಿದ್ದಿತ್ತು. ತಂಗಿ ಬುಟ್ಟಿಯ ಮೇಲೆ ಬಾಗಿ ಕಾಳು ಬಿಡಿಸುತ್ತಿದ್ದಳು. ಲೈನ್‌ಮನ್ ಅಣ್ಣ ಎದುರಿಗೆ ಕೂತು ತಾನೂ ಒಂದು ತೆನೆ ಎತ್ತಿಕೊಂಡ. ಅವಳ ಗಂಡ ಕರೆಂಟ್ ಕಂಬದ ಮೇಲೆ ಸತ್ತು ನಲವತ್ತು ದಿನವಾಗಿತ್ತು. ಅಣ್ಣ, ಭಾವ ಇಬ್ಬರದ್ದೂ ಒಂದೇ ಕೆಲಸ. ಅಂದು ಕಂಬದ ಕೆಳಗೆ ನಿಂತಿದ್ದವನು ಈ ಅಣ್ಣನೇ.

"ಆಫೀಸಿನ ಕಾಗದ ಬಂದಿದೆ. ಕಾಂತೀಯ ಪ್ರೇರಣೆಯಿಂದ ಸಾವು ಅಂತ ಬರ್ದಿದ್ದಾರೆ. ಹಂಗಂದ್ರೇನಣ್ಣಾ? ಊರವರ ಬಾಯಿಗಂತೂ ಬೀಗ ಇಲ್ಲ. ಆಫ್ ಮಾಡಿದ ತಂತಿ ಯಾರನ್ನಾದ್ರೂ ಕೊಲ್ಲುತ್ತಾ, ಕುಡಿದು ಪಕ್ಕದ ತಂತಿಗೆ ಕೈ ಹಾಕಿದ ಅಂತಾರೆ."

"ಭಾವ ಕುಡೀತಿರ್ಲಿಲ್ಲ."

"ಒಂದು ಲೋಟ ಟೀ ಜಾಸ್ತಿಯಾದ್ರೇ ನಿದ್ದೆಗೆಡ್ತಿದ್ದ ಮನುಷ್ಯ. ನಂಗೊತ್ತು. ಊರಿಗೇನು ಹೇಳ್ಲಿ?"

ಇಪ್ಪತ್ತೆರಡು ವರ್ಷ ಕಂಬ ಹತ್ತಿದವನಿಗೆ ಇದು ಬಾಯಿಪಾಠ. ಬರಿದಾದ ದಿಂಡನ್ನು ಪಕ್ಕಕ್ಕಿಟ್ಟು ನಿಧಾನವಾಗಿ ಶುರುಮಾಡಿದ.

"ನಮ್ಮ ತಂತಿ ಆಫ್ ಆಗಿತ್ತು. ಅದರ ಪಕ್ಕದಲ್ಲೇ ಇನ್ನೊಂದು ದೊಡ್ಡ ಲೈನು, ಮೈಲುಗಟ್ಟಲೆ ಜೊತೆಗೇ ಹೋಗುತ್ತೆ. ಅದ್ರಲ್ಲಿ ಕರೆಂಟ್ ಹರೀತಿತ್ತು. ಹರಿಯೋ ಕರೆಂಟಿನ ಸುತ್ತ ಅಯಸ್ಕಾಂತದ ಬಲ ಇರುತ್ತೆ. ಕರೆಂಟು ಸೆಕೆಂಡಿಗೆ ಎಷ್ಟೋ ಸಲ ಹಿಂದೆ ಮುಂದೆ ಆದಂಗೆ ಆ ಬಲಾನೂ ಏರುತ್ತೆ, ಇಳಿಯುತ್ತೆ. ಆ ಏರಿಳಿತಾನೇ ನಮ್ಮ ತಂತೀಲೂ ಕರೆಂಟ್ ಎಬ್ಬಿಸುತ್ತೆ. ಒಂದಕ್ಕೊಂದು ತಾಗೋದೇ ಬೇಡ."

"ಅಂದ್ರೆ ತಪ್ಪು ನಮ್ಮನೆಯವರದ್ದಲ್ಲ."

"ಅಲ್ಲಮ್ಮ."

ಎಷ್ಟೋ ದಿನದ ಮೇಲೆ ಅವಳ ಹಣೆಯ ಗಂಟು ಸಡಿಲಾಯಿತು. ಮಾತು ಇಲ್ಲಿಗೇ ನಿಲ್ಲಲಿ ಎಂದು ಅಣ್ಣ ಇನ್ನೊಂದು ತೆನೆ ಎತ್ತಿಕೊಂಡ. ಅವಳು ಕೈ ಕೊಡವಿ ಕೇಳಿದಳು:

"ನೀವು ದಿನಾ ಹತ್ತೋರು. ಇದಕ್ಕೇನೂ ತಡೆ ಇಲ್ವಾ?"

"ಇದೆ. ತಂತಿಗೆ ಸರಪಳಿ ಸಿಕ್ಕಿಸಿ ನೆಲಕ್ಕೆ ಕಟ್ಟಬೇಕು. ಸ್ವಿಚ್ಚಿನ ಹತ್ರ ಒಂದು, ಹತ್ತೋ ಕಂಬದಲ್ಲಿ ಒಂದು. ದೂರದ್ದೊಂದೇ ಇದ್ರೆ ಕಂಬದ ಹತ್ರ ಕರೆಂಟ್ ಹೊಡೆಯುತ್ತೆ."

"ಕಟ್ಟಿದ್ರಾ?"

ರಸ್ತೆಯಲ್ಲಿ ಯಾರದೋ ಗಾಡಿ ಗಡಗಡ ಸದ್ದುಮಾಡುತ್ತ ದಾಟಿಹೋಯಿತು.

"ಸ್ವಿಚ್ಚಿನ ಹತ್ರ ಕಟ್ಟಿದ್ದೆ. ಇನ್ನೊಂದು ಜೀಪಲ್ಲೇ ಉಳೀತು. ಭಾವ ಕೇಳಿದ್ರು. ಕಾಲು ಗಂಟೆ ಕೆಲಸ, ಒಂದೇ ಸಾಕು ಅಂದವನು ನಾನು."

ಅವಳು ಕೂಗಾಡಲಿಲ್ಲ.

"ಕಾಗದದಲ್ಲಿ ಇದಿಲ್ವಲ್ಲ?"

"ನಾನು ಹೇಳ್ಲಿಲ್ಲ."

"ನಾಳೆ ಹೋಗಿ ಬರೆಸ್ತೀಯಾ? ಊರವರ ಮುಂದೆ ಒಂದು ಮಾತು ಹೇಳ್ತೀಯಾ?"

ಕೆಲಸ, ಮನೆ, ಪೊಲೀಸರು, ಎಲ್ಲ ಒಟ್ಟಿಗೇ ಅಣ್ಣನ ಕಣ್ಮುಂದೆ ಬಂದು ನಿಂತವು. ಹೂಂ ಅನ್ನಲು ಬಾಯಿ ತೆರೆದ. ಮತ್ತೆ ಮುಚ್ಚಿ ಬರಿದಾದ ದಿಂಡನ್ನು ಕೈಯಲ್ಲಿ ತಿರುಗಿಸತೊಡಗಿದ.

ಅವಳು ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

"ಇರ್ಲಿ ಬಿಡು. ಕುಡಿದು ಸತ್ತ ಅಂತಾನೇ ಇರ್ಲಿ. ನೀನು ಏಳು."