ಪರೀಕ್ಷೆಗೆ ಬರುತ್ತಿದ್ದ ಗುರುಬಾಯಿ

ನಾನು ಓದಿದ ಮೆಡಿಕಲ್ ಕಾಲೇಜು ಈಗ ಬಹಳ ದೊಡ್ಡದಾಗಿದೆ. ಮೊನ್ನೆ ಅದರ ಇತಿಹಾಸದ ಪುಸ್ತಕ ಕಳಿಸಿದ್ದರು. ದಾನಿಗಳ ಫೋಟೊ ಇವೆ, ಅಡಿಗಲ್ಲು ಹಾಕಿದ ಮಂತ್ರಿಗಳ ಫೋಟೊ ಇವೆ, ಒಬ್ಬ ಡೀನ್ ಸಾಹೇಬರ ಕಾರಿನ ಫೋಟೊ ಕೂಡ ಇದೆ. ಗುರುಬಾಯಿಯ ಹೆಸರಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಸುಮ್ಮನೆ ಕೂರುವವಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದಲ್ಲಿ ಕಾಲೇಜು ಇನ್ನೂ ಹೊಸದು. ಕೊನೆಯ ವರ್ಷದ ಪರೀಕ್ಷೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬ ರೋಗಿಯನ್ನು ಕೊಟ್ಟು, ರೋಗ ಯಾವುದೆಂದು ಕೇಳುತ್ತಿದ್ದರು. ಅದಕ್ಕೆ ಒಳ್ಳೆಯ ರೋಗಿಗಳು ಬೇಕು. ಒಳ್ಳೆಯವರೆಂದರೆ, ರೋಗ ಎದ್ದು ಕಾಣುವವರು. ಮೈಂದರ್ಗಿಯ ಗುರುಬಾಯಿ ಅಂಥವಳು. ಹೃದಯದ ಒಂದು ಕವಾಟ ಕಿರಿದಾಗಿತ್ತು; ಸ್ಟೆತಾಸ್ಕೋಪ್ ಇಟ್ಟರೆ ಅದರ ಗುಡುಗುಡು ಎಂಥ ದಡ್ಡನಿಗೂ ಕೇಳುತ್ತಿತ್ತು. ಪರೀಕ್ಷೆ ಬಂತೆಂದರೆ ನಮ್ಮ ಪ್ರೊಫೆಸರರು ಹೇಳಿ ಕಳಿಸುತ್ತಿದ್ದರು. ಗಂಡ ನಿಂಗಣ್ಣ ಅವಳನ್ನು ಅಕ್ಕಲಕೋಟೆಯ ಮೇಲಿಂದ ಬಸ್ಸಿನಲ್ಲಿ ಕರೆತರುತ್ತಿದ್ದ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವಳು ಅಲ್ಲಲ್ಲಿ ಕೂತು ಉಸಿರು ಎಳೆದುಕೊಳ್ಳುತ್ತಿದ್ದಳು.

ನನ್ನ ಪರೀಕ್ಷೆಯ ದಿನ ನನ್ನ ಪಾಲಿಗೆ ಬಂದದ್ದು ಅವಳೇ. ಗೆಳತಿಯರು ಹೊಟ್ಟೆ ಉರಿದುಕೊಂಡರು. ಅವರಿಗೆ ಮರಾಠಿ ಬಿಟ್ಟರೆ ಬೇರೆ ಬಾರದು. ನಾನು ಟವೆಲ್ ವ್ಯಾಪಾರಿ ಸಿದ್ದರಾಮಪ್ಪನವರ ಮಗಳು, ಕನ್ನಡದ ಮನೆಯವಳು. ನಾನು ಪಾಸಾದಂತೆಯೇ ಎಂದು ಅಪ್ಪ ಆಗಲೇ ಅಂಗಡಿಯಲ್ಲಿ ಪೇಢೆ ತರಿಸಿಟ್ಟಿದ್ದರು.

ಕನ್ನಡ ಕಿವಿಗೆ ಬಿದ್ದದ್ದೇ ತಡ, ಗುರುಬಾಯಿಯ ಮುಖ ಅರಳಿತು. ಮನೆಯಲ್ಲಿ ಅತ್ತೆ ಅವಳನ್ನು ಮೈಗಳ್ಳಿ ಎನ್ನುತ್ತಿದ್ದಳಂತೆ. ಇಷ್ಟು ಡಾಕ್ಟರರು ಹೇಳಿ ಕಳಿಸಿ ನೋಡುತ್ತಾರೆ ಎಂದ ಮೇಲೆ ಬಾಯಿ ಮುಚ್ಚಿದಳಂತೆ. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಅಕ್ಕಾರ, ಇಷ್ಟ ಮಂದಿ ಎದಿಗೆ ನಳಿ ಇಟ್ಟ ಕೇಳ್ಯಾರ. ಇನ್ನ ಎಷ್ಟ ಮಂದಿ ಕೇಳಿದ್ರ ನನಗ ಆರಾಮ ಆಗ್ತೈತ್ರಿ?"

ಕೇಳುವುದನ್ನೇ ಅವಳು ಔಷಧಿ ಎಂದುಕೊಂಡಿದ್ದಳು. ವರ್ಷಗಟ್ಟಲೆ ಹಾಗೆ ನಂಬಿ ಬಂದು ಮಲಗಿದ್ದಳು. ಮುಂಬೈಯಲ್ಲಿ ಈ ಕವಾಟ ಬಿಡಿಸುವ ಆಪರೇಶನ್ ನಡೆಯುತ್ತಿತ್ತು, ನಮ್ಮ ಪಠ್ಯದಲ್ಲೂ ಅದಿತ್ತು. ಅವಳಿಗೆ ಹೇಳಿದವರು ಮಾತ್ರ ಯಾರೂ ಇಲ್ಲ.

"ಕೇಳೂದ್ರಿಂದ ಆರಾಮ ಆಗೂದಿಲ್ಲ, ಗುರುಬಾಯವ್ವ," ಎಂದೆ. "ನಾವು ಕೇಳೂದು ನಾವು ಕಲ್ಯಾಕ. ನಿಮಗ ಆಪರೇಶನ್ ಆಗಬೇಕು."

ಅವಳು ಅತ್ತಳು. ನಾನು ವರಾಂಡದಿಂದ ನಿಂಗಣ್ಣನನ್ನು ಕರೆದೆ. ಕೊಯ್ದರೆ ಸಾಯುವುದಿಲ್ಲವೇ ಎಂದು ಅವನು ಕೇಳಿದ. ಆ ಭಯ ಇದ್ದೇ ಇದೆ, ಆದರೆ ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದೆ. ಮತ್ತೆ ಮತ್ತೆ ಬಿಡಿಸಿ ಹೇಳುವಷ್ಟರಲ್ಲಿ ಹೊತ್ತು ಮುಗಿದ ಗಂಟೆ ಬಾರಿಸಿತು.

ಮುಂಬೈಯಿಂದ ಬಂದಿದ್ದ ಪರೀಕ್ಷಕರು ಶ್ವಾಸಕೋಶ ಹೇಗಿದೆ, ಲಿವರ್ ಹೇಗಿದೆ ಎಂದು ಕೇಳಿದರು. ನಾನು ಮುಟ್ಟಿಯೂ ನೋಡಿರಲಿಲ್ಲ. ಇರುವುದನ್ನು ಇರುವಂತೆ ಹೇಳಿಬಿಟ್ಟೆ: ಈಕೆಗೆ ಚಿಕಿತ್ಸೆ ಇದೆ ಎಂದು ಇವತ್ತಿನವರೆಗೆ ಯಾರೂ ತಿಳಿಸಿಲ್ಲ, ನನ್ನ ಹೊತ್ತೆಲ್ಲ ಅದಕ್ಕೇ ಹೋಯಿತು. ಪ್ರೊಫೆಸರರು ತಲೆ ತಗ್ಗಿಸಿದರು. ಪರೀಕ್ಷಕರು ಅಲ್ಲಿಯವರೆಗೆ ಅವಳನ್ನು ಕೇಸ್ ಎನ್ನುತ್ತಿದ್ದರು. ಆಗ ಅವಳ ಹೆಸರು ಕೇಳಿದರು. ಮುಂಬೈಯ ತಮ್ಮ ಆಸ್ಪತ್ರೆಯಲ್ಲೇ ಆಪರೇಶನ್ನಿಗೆ ಅವಳಿಗೆ ಹಾಸಿಗೆ ಕೊಡಿಸಿದರು.

ನನ್ನನ್ನು ಫೇಲ್ ಮಾಡಿದರು. ಸಿಟ್ಟು ಬಂತು, ಆದರೆ ತಪ್ಪೆನ್ನಲಾರೆ. ಶ್ವಾಸಕೋಶ ನೋಡದವಳಿಗೆ ಯಾರು ತಾನೇ ಡಿಗ್ರಿ ಕೊಟ್ಟಾರು? ಅಪ್ಪ ಪೇಢೆಯನ್ನು ಯಾಕೆಂದು ಹೇಳದೆ ಗಿರಾಕಿಗಳಿಗೆ ಹಂಚಿದರು.

ಅಕ್ಟೋಬರಿನಲ್ಲಿ ನಾನು ಮತ್ತೆ ಪರೀಕ್ಷೆಗೆ ಕೂತೆ. ಯಾರೂ ಕರೆಯದಿದ್ದರೂ ಗುರುಬಾಯಿ ಬಂದಿದ್ದಳು. ಎಲ್ಲೂ ಕೂರದೆ ಮೆಟ್ಟಿಲು ಹತ್ತಿ ಬಂದು, ರೂಢಿಯಂತೆ ಮಂಚದ ಮೇಲೆ ಮಲಗಿದಳು. ನಿಂಗಣ್ಣ ಬೇಡವೆಂದರೂ ಕೇಳಲಿಲ್ಲ. ಪ್ರೊಫೆಸರರು ತಾವೇ ಬಂದು ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ಮರಾಠಿಯಲ್ಲಿ ಮೆಲ್ಲಗೆ ಏನೋ ಅಂದರು. ಸದ್ದು ಹೆಚ್ಚುಕಡಿಮೆ ಹೋಗಿದೆ, ಇನ್ನು ನಿಮ್ಮನ್ನು ಪರೀಕ್ಷೆಗೆ ಇಡಲು ಬರುವುದಿಲ್ಲವಂತೆ ಎಂದು ನಾನು ಕನ್ನಡದಲ್ಲಿ ಹೇಳಿದೆ.

ಅವಳು ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಂಗಾರ ನಾ ಪಾಸಾದ್ನಿ," ಎಂದಳು. "ಇನ್ನ ನೀವಽ ಉಳದ್ರಿ, ಅಕ್ಕಾರ."