ಫೋಟೋದಿಂದ ಹೇಳಲಾಗದು

ಹಲ್ಲಿನ ಡಾಕ್ಟರಮ್ಮನಿಗೆ ಅಳಿಯನ ಮೇಲಿದ್ದ ದೂರು ಒಂದೇ. ಆತ ಯಾವುದಕ್ಕೂ ಹೌದು ಎನ್ನುವವನಲ್ಲ, ಅಲ್ಲ ಎನ್ನುವವನೂ ಅಲ್ಲ. ಏನು ಕೇಳಿದರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು.

ಅವನ ಕಸುಬೇ ಅಂಥದ್ದು ಅನ್ನಿ. ಕಂಬಳಿಹುಳುವಿನ ಮೈಮೇಲೆ ಮೊಟ್ಟೆಯಿಡುವ ನೊಣಗಳಿವೆ. ನೊಣದ ಮರಿ ಆ ಹುಳುವಿನ ಒಳಗೆ ಸೇರಿಕೊಂಡು, ಒಳಗಿನಿಂದಲೇ ತಿಂದು ತೇಗಿ, ಕೊಬ್ಬಿ ಹೊರಬರುತ್ತದೆ. ಈ ಪರಾವಲಂಬಿ ನೊಣಗಳ ಪಂಡಿತ ನಮ್ಮ ಅಳಿಯ. ಜನ ತಮ್ಮ ಹಿತ್ತಲಲ್ಲಿ ಕಂಡ ನೊಣದ ಫೋಟೋ ತೆಗೆದು ಒಂದು ಜಾಲತಾಣಕ್ಕೆ ಹಾಕುತ್ತಾರೆ, ಅದು ಯಾವ ಜಾತಿಯೆಂದು ಈತ ಹೇಳಬೇಕು. ಹೇಳಿದರೆ ತಾನೆ? ಬೆನ್ನಿನ ಮುಳ್ಳುಗೂದಲು ಎಣಿಸುತ್ತಾನೆ, ರೆಕ್ಕೆಯ ನರ ನೋಡುತ್ತಾನೆ, ಗಲ್ಲ ಕೆರೆದುಕೊಳ್ಳುತ್ತಾನೆ. ಇಷ್ಟೆಲ್ಲ ಆದಮೇಲೆ "ಫೋಟೋದಿಂದ ಹೇಳಲಾಗದು, ನೊಣ ಕೈಗೆ ಸಿಗಬೇಕು" ಎಂದು ಬರೆದು ಕೈ ತೊಳೆದುಕೊಳ್ಳುತ್ತಾನೆ.

"ಇನ್ನೊಬ್ಬರ ಮೈಯಲ್ಲಿ ಬಿಡಾರ ಹೂಡಿ ತಿನ್ನೋ ಜಾತಿ," ಎನ್ನುತ್ತಿದ್ದರು ಡಾಕ್ಟರಮ್ಮ, ಮದುವೆಯಾದಾಗಿನಿಂದ ತಮ್ಮದೇ ಮನೆಯ ಮಹಡಿಯಲ್ಲಿರುವ ಅಳಿಯನಿಗೆ ಕೇಳುವ ಹಾಗೆ. "ಅಳಿಯಂದ್ರಿಗೆ ಅದರ ಪರಿಚಯ ಚೆನ್ನಾಗೇ ಇದೆ. ಉಪ್ಪು ಸರಿಯಾಗಿದೆಯಾ?"

"ಒಂದೇ ತುತ್ತಿನಿಂದ ಹೇಳೋಕಾಗಲ್ಲ ಅತ್ತೆ."

ಇದೆಲ್ಲ ತಮಾಷೆಯಾಗಿಯೇ ಇತ್ತು, ಕೋಣೆಯ ಮಾತು ಬರುವ ತನಕ. ಕೆಳಗಿನ ಕೋಣೆ ಡಾಕ್ಟರಮ್ಮನ ಹಳೆಯ ದವಾಖಾನೆ. ನಿಂತು ನಿಂತು ಸೊಂಟ ಸೋತಮೇಲೆ ಬಾಗಿಲ ಮೇಲಿನ ಫಲಕ ಇಳಿಯಿತು, ಒಳಗಿನ ಹಸಿರು ಕುರ್ಚಿ ಮಾತ್ರ ಉಳಿಯಿತು. ಕಾಲಲ್ಲಿ ಒತ್ತಿದರೆ ಏಳುವ, ಇಳಿಯುವ ಕುರ್ಚಿ. ಮಧ್ಯಾಹ್ನ ಅದರಲ್ಲಿ ಒರಗಿ ಪೇಪರ್ ಓದದಿದ್ದರೆ ಅವರಿಗೆ ದಿನ ಕಳೆದಂತೆಯೇ ಆಗುತ್ತಿರಲಿಲ್ಲ. ಆ ಕುರ್ಚಿ ಹೋದರೆ ತಾವು ಯಾರು ಎಂಬುದೇ ಮರೆತುಹೋದೀತು ಎಂಬ ಭಯ ಅವರಿಗೆ. ಅದನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವರು.

ಮಗಳು ಮಾತ್ರ ನೇರ. "ಅಮ್ಮ, ಅವರು ಒಣಗಿಸಿಟ್ಟ ನೊಣಗಳ ಪೆಟ್ಟಿಗೆಗಳು ಮಂಚದ ಕೆಳಗೆ ತುಂಬಿ ಈಗ ಮಂಚದ ಮೇಲೆ ಹತ್ತಿವೆ. ಆ ಕೋಣೆ ಅವರಿಗೆ ಕೊಟ್ಬಿಡು. ಕುರ್ಚಿ ಒಯ್ಯೋಕೆ ಹೊಸ ಡಾಕ್ಟರ್ ಒಬ್ರು ತುದಿಗಾಲಲ್ಲಿ ನಿಂತಿದ್ದಾರೆ."

"ಕೊಡ್ತೀನಿ. ಆದರೆ ಒಂದು ಪಂಥ," ಎಂದರು ಡಾಕ್ಟರಮ್ಮ. "ನಾನೊಂದು ಸುಳ್ಳು ನೊಣ ಮಾಡಿ ಫೋಟೋ ಕಳಿಸ್ತೀನಿ. ನಿನ್ನ ಗಂಡ ಸುಳ್ಳು ಅಂತ ಹಿಡಿದ್ರೆ ಕೋಣೆ ಅವರದು. ಹಿಡೀದಿದ್ರೆ ಕುರ್ಚಿ ಅಲ್ಲಾಡೋ ಹಾಗಿಲ್ಲ. ನೀನು ಬಾಯಿ ಬಿಡಬಾರದು."

"ಅವರನ್ನ ಏಮಾರಿಸೋದು ನಿನ್ನಿಂದಾಗಲ್ಲಮ್ಮ," ಎಂದು ಮಗಳು ನಗುತ್ತಲೇ ಒಪ್ಪಿದಳು.

ಮರುದಿನ ಗಂಡಹೆಂಡತಿ ಹೊರಗೆ ಹೋದದ್ದೇ ತಡ, ಡಾಕ್ಟರಮ್ಮ ಸೊಂಟನೋವು ಮರೆತರು. ಕಿಟಕಿಯ ಮೂಲೆಯಲ್ಲಿ ಸತ್ತುಬಿದ್ದಿದ್ದ ದಪ್ಪ ಮನೆನೊಣವನ್ನು ಚಿಮಟದಲ್ಲಿ ಎತ್ತಿ ದೀಪದಡಿ ಇಟ್ಟರು. ಅಳಿಯನ ಶೇವಿಂಗ್ ಬ್ರಷ್ಷಿನಿಂದ ಕದ್ದ ಕೂದಲಿನ ತುದಿಗಳನ್ನು ಕತ್ತರಿಸಿ ನೊಣದ ಬೆನ್ನಿಗೆ ಸಾಲಾಗಿ ನೆಟ್ಟರು. ಇಷ್ಟಕ್ಕೇ ಅಳಿಯ ನಂಬುವುದಿಲ್ಲವೆಂದು ಗೊತ್ತು. ಊಟದ ಹೊತ್ತಲ್ಲೆಲ್ಲ ಅವನು ಕೊರೆಯುತ್ತಿದ್ದನಲ್ಲ, ಬೆನ್ನಿನ ಕೊನೆಯಲ್ಲಿ, ರೆಕ್ಕೆಗಳ ಹಿಂದೆ, ಪುಟ್ಟ ದಿಂಬಿನಂಥ ಒಂದು ಉಬ್ಬಿದ್ದರೇ ಅದು ಪರಾವಲಂಬಿ ಅಂತ. ಮನೆನೊಣಕ್ಕೆ ಆ ಉಬ್ಬಿಲ್ಲ. ಅದಕ್ಕೇನಂತೆ? ಹುಳುಕು ಹಲ್ಲಿಗೆ ತುಂಬುವ ಪೇಸ್ಟು ಇನ್ನೂ ಸ್ವಲ್ಪ ಉಳಿದಿತ್ತು. ಸೂಜಿಮೊನೆಯಷ್ಟು ಎತ್ತಿ ಅಂಟಿಸಿದರು, ತಿದ್ದಿದರು, ತೀಡಿದರು. ಬಹಳ ದಿನದ ಮೇಲೆ ಕೆಲಸ ಸಿಕ್ಕ ಕೈ, ಖುಷಿಯಲ್ಲಿ ತನ್ನ ಪಾಡಿಗೆ ತಾನು ಮುಗಿಸಿತು. ನೀಲಿ ದೀಪ ಹಿಡಿದು ಗಟ್ಟಿಮಾಡಿ, ಕಪ್ಪು ಶಾಯಿ ಮುಟ್ಟಿಸಿ, ಹಲ್ಲಿನ ಫೋಟೋ ತೆಗೆಯುವ ಕ್ಯಾಮೆರಾದಲ್ಲಿ ಕ್ಲಿಕ್ಕಿಸಿದರು. "ಹಿತ್ತಲ ತಾತ" ಎಂಬ ಹೆಸರಿನಲ್ಲಿ ಫೋಟೋ ಹೋಯಿತು.

ಸಂಜೆ ಅಳಿಯ ಕಂಪ್ಯೂಟರಿನ ಮುಂದೆ ಕೂತ. ಡಾಕ್ಟರಮ್ಮ ಬಟ್ಟೆ ಮಡಿಚುವ ನೆಪದಲ್ಲಿ ಅಲ್ಲೇ ಸುಳಿದಾಡಿದರು. ಮಡಿಚಿದ ಟವೆಲನ್ನೇ ಬಿಡಿಸಿ ಮತ್ತೆ ಮಡಿಚಿದರು.

"ಏನು ಅಷ್ಟೊಂದು ನೋಡ್ತಿದ್ದೀರಿ, ಅಳಿಯಂದ್ರೇ?"

"ಒಬ್ರು ತಾತ ಕಳಿಸಿದ್ದಾರೆ. ಕೂದಲು ಸರಿಯಾಗಿದೆ. ಉಬ್ಬೂ ಇದೆ. ಹೊಸ ಜಾತಿಯೇ ಇರಬಹುದು."

ಡಾಕ್ಟರಮ್ಮನಿಗೆ ಒಳಗೊಳಗೇ ನಗು ಉಕ್ಕಿತು. ಬಿದ್ದ, ಬಿದ್ದ! ಅಷ್ಟರಲ್ಲಿ ಅಳಿಯ ಫೋಟೋವನ್ನು ಇನ್ನಷ್ಟು ಹಿಗ್ಗಿಸಿದ. ಅವನ ಬಾಯೊಳಗೆ ನಾಲಿಗೆ ಎಲ್ಲೋ ಓಡಾಡುತ್ತಿತ್ತು, ಎಡಗೆನ್ನೆ ಉಬ್ಬಿ ಇಳಿಯುತ್ತಿತ್ತು. ಆಮೇಲೆ ಟಕಟಕ ಏನೋ ಬರೆದು ಎದ್ದುಹೋದ.

ಡಾಕ್ಟರಮ್ಮ ಓಡಿಬಂದು ಓದಿದರು. "ತಾತನವರಿಗೆ ನಮಸ್ಕಾರ. ಇದನ್ನು ಫೋಟೋದಿಂದಲೇ ಹೇಳಬಹುದು. ಇವರು ನಮ್ಮ ಅತ್ತೆ. ಎಳ್ಳಷ್ಟೂ ಅನುಮಾನವಿಲ್ಲ."

"ನೀನು ಹೇಳ್ಬಿಟ್ಟೆ!" ಎಂದು ಮಗಳ ಮೇಲೆ ಹರಿಹಾಯ್ದರು.

"ನಿನ್ನಾಣೆ ಇಲ್ಲಮ್ಮ!"

"ಅವಳೇನೂ ಹೇಳಿಲ್ಲ ಅತ್ತೆ," ಅಳಿಯ ಬಾಗಿಲಲ್ಲಿ ನಿಂತಿದ್ದ. "ಆ ಉಬ್ಬಿನ ನಡುವೆ ಒಂದು ಗೀರು ಎಳೆದಿದ್ದೀರಿ, ಅಗಿಯೋ ಹಲ್ಲು ತುಂಬಿದ ಮೇಲೆ ಎಳೆಯೋ ಹಾಗೆ. ನೊಣಕ್ಕೆ ಅಗಿಯೋ ಕೆಲಸ ಎಲ್ಲಿದೆ? ಮದುವೆಯಾದ ಹೊಸದರಲ್ಲಿ ನನ್ನ ದವಡೆ ಹಲ್ಲು ತುಂಬಿದ್ರಲ್ಲ, ಅದರ ಮೇಲೂ ಇದೇ ಗೀರು. ಕೊನೆಗೆ ಬಂದಾಗ ಸ್ವಲ್ಪ ಎಡಕ್ಕೆ ವಾಲತ್ತೆ. ದಿನಾ ನಾಲಿಗೆಗೆ ಸಿಗತ್ತೆ."

ಡಾಕ್ಟರಮ್ಮ ತಮ್ಮ ಕೈಯನ್ನೇ ನೋಡಿಕೊಂಡರು. ಹಾಳಾದ ಕೈ, ನೊಣಕ್ಕೂ ದವಡೆ ಹಲ್ಲು ಕಟ್ಟಿಬಿಟ್ಟಿತ್ತು. ಸಿಟ್ಟು ಬರಬೇಕಾದಲ್ಲಿ ಯಾಕೋ ಹೆಮ್ಮೆ ಬಂತು. ಅದರ ಬೆನ್ನಿಗೇ ಕುರ್ಚಿಯ ನೆನಪಾಯಿತು. ಆದರೂ ಆಡಿದ ಮಾತಿಗೆ ತಪ್ಪುವವರಲ್ಲ. ಕೆಳಗಿಳಿದು ಕೋಣೆಯ ಬಾಗಿಲು ತೆರೆದು, ಬೀಗದ ಕೈ ಅಳಿಯನ ಅಂಗೈಯಲ್ಲಿಟ್ಟರು. ಕುರ್ಚಿಯ ಕಡೆ ನೋಡಲಿಲ್ಲ.

"ಹಾಗಾದ್ರೆ ಆ ಡಾಕ್ಟರಿಗೆ ಬರಹೇಳ್ತೀನಿ," ಎಂದಳು ಮಗಳು. ಅವಳ ದನಿಯೂ ಸಣ್ಣಗಾಗಿತ್ತು.

"ಒಂದು ನಿಮಿಷ," ಎಂದ ಅಳಿಯ. "ಪೆಟ್ಟಿಗೆಗಳಿಗೆ ಆ ಕಿಟಕಿ ಪಕ್ಕದ ಗೋಡೆಯೊಂದೇ ಸಾಕು. ಅಲ್ಲದೆ, ಅತ್ತೆ, ಆ ಹಲ್ಲಿಗೆ ತುಂಬಿದ್ದರ ಅಂಚು ಸ್ವಲ್ಪ ಕಿತ್ತುಹೋಗಿದೆ ಅನ್ಸತ್ತೆ. ತಣ್ಣೀರು ಕುಡಿದ್ರೆ ಜುಂ ಅನ್ನತ್ತೆ."

"ಯಾವಾಗಿಂದ?"

"ಖಚಿತವಾಗಿ ಹೇಳೋಕಾಗಲ್ಲ. ಬೇಕಾದ್ರೆ ಒಂದು ಫೋಟೋ ತೆಗೆದು ಕಳಿಸ್ಲಾ?"

ಡಾಕ್ಟರಮ್ಮ ಆಗಲೇ ದೀಪ ಹಾಕಿ, ಕುರ್ಚಿಯ ಮೇಲಿನ ಪೇಪರ್ ತೆಗೆದು ಆಚೆ ಇಟ್ಟಿದ್ದರು.

"ಫೋಟೋದಿಂದ ಹೇಳಲಾಗದು ಅಳಿಯಂದ್ರೇ. ಹತ್ತಿ ಕೂತ್ಕೊಳ್ಳಿ, ಬಾಯಿ ತೆರೀರಿ," ಎಂದವರು ಮಗಳ ಕಡೆ ತಿರುಗಿದರು. "ಆ ಡಾಕ್ಟರಿಗೆ ಹೇಳ್ಬಿಡು, ಕುರ್ಚಿ ಖಾಲಿ ಇಲ್ಲ."