ಸಸಿ ಇಲ್ಲ ಎಂದು ಬರೆದುಕೊಂಡರು

ಮರಳುಗಾಡಿನ ನಡುವಿನ ತಾಸಿಲಿ ಬೆಟ್ಟದ ಮೇಲೆ ಉಳಿದಿರುವ ತಾರೂತ್ ಎಂಬ ಸೈಪ್ರಸ್ ಜಾತಿಯ ಮರಗಳು ಇನ್ನೂರ ಚಿಲ್ಲರೆ. ಒಂದೊಂದಕ್ಕೂ ತಗಡಿನ ಬಿಲ್ಲೆ ಹೊಡೆದು ನಂಬರು ಹಾಕಿದ್ದಾರೆ. ಮರಕ್ಕೆ ಎರಡು ಸಾವಿರ ವರ್ಷವಾಗಿರಬಹುದು. ಬಿಲ್ಲೆ ಹೊಡೆದ ಕೈಗೆ ಮೂವತ್ತೂ ಆಗಿರಲಿಲ್ಲ.

ಆ ಚಳಿಗಾಲ ಮರ ಎಣಿಸಲು ಉತ್ತರದಿಂದ ಬಂದ ತಂಡಕ್ಕೆ ದಾರಿ ತೋರಿಸಿದವನು ನಾನೇ. ಮೂರು ಕತ್ತೆಗಳೂ ನನ್ನವೇ. ತಂಡದ ಮುಖ್ಯಸ್ಥ ಇಂಜಿನಿಯರ್ ಸೊಫಿಯಾನ್ ಕೆಟ್ಟವನಲ್ಲ. ಅವನ ಹಾಳೆಯಲ್ಲಿ ಪ್ರತಿ ಮರಕ್ಕೂ ಮೂರು ಪ್ರಶ್ನೆಗಳಿದ್ದವು: ಬದುಕಿದೆಯೇ, ಸುತ್ತಳತೆ ಎಷ್ಟು, ಬುಡದಲ್ಲಿ ಸಸಿ ಉಂಟೇ. ಸಸಿ ಇಲ್ಲದಿದ್ದರೆ ಕಾರಣ ಬರೆಯಬೇಕು.

ಎಂಬತ್ತೇಳನೆಯ ಮರ ನನ್ನ ಸೋದರತ್ತೆಯ ಮಗಳು ಕೆನ್ನುವಾಳ ಕಣಿವೆಯಲ್ಲಿದೆ. ಕೆನ್ನುವಾ ಗಂಡನನ್ನು ಬಿಟ್ಟು ಇಪ್ಪತ್ತು ವರ್ಷದಿಂದ ಮೇಕೆಗಳ ಜೊತೆ ಅಲ್ಲಿಯೇ ಇದ್ದಳು. ನಮ್ಮನ್ನು ಕಂಡೊಡನೆ, "ಬಂದ್ಯಾ? ನಾಲ್ಕು ಕತ್ತೆ ಬರ್ತಿವೆ ಅಂತ ದೂರದಿಂದಲೇ ಅಂದ್ಕೊಂಡೆ," ಎಂದಳು. ನಮ್ಮಲ್ಲಿ ಅತ್ತೆಮಗಳ ಬೈಗುಳಕ್ಕೆ ಸಿಟ್ಟಾದವನು ಗಂಡಸಲ್ಲ. ನಿನ್ನ ಚಹಾ ಕುಡಿಯೋಕೆ ಕತ್ತೆಗಳೇ ಆಗಬೇಕು ಎಂದೆ.

ಆ ಕಣಿವೆಯಲ್ಲಿ ಒಂದು ಸಸಿ ಇತ್ತು. ಗೇಣುದ್ದ. ಅದು ತಾನಾಗಿ ಹುಟ್ಟಿದ್ದು, ಬಂಡೆಯ ಬಿರುಕಿನಲ್ಲಿ. ನಾಲ್ಕು ವರ್ಷದಿಂದ ಕೆನ್ನುವಾ ಅದಕ್ಕೆ ಕಲ್ಲಿನ ಸುತ್ತು ಕಟ್ಟಿ, ಮುಳ್ಳು ಹೊದಿಸಿ, ಮೂರು ದಿನಕ್ಕೊಮ್ಮೆ ಬಂಡೆಗುಂಡಿಯಿಂದ ತೊಗಲಚೀಲದಲ್ಲಿ ನೀರು ಹೊತ್ತು ತರುತ್ತಿದ್ದಳು. ನನಗೂ ಹೇಳಿರಲಿಲ್ಲ. ಹಿಂದಿನ ವರ್ಷ ನನ್ನ ಕತ್ತೆ ಆ ಸುತ್ತನ್ನು ತುಳಿಯಲು ಹೋದ ದಿನ ಅವಳು ಚೀರಿಕೊಂಡಿದ್ದರಿಂದ ಗೊತ್ತಾಗಿತ್ತು.

ನಮ್ಮಲ್ಲಿ ಕಣ್ಣು ಬೀಳುವುದಕ್ಕಿಂತ ಬಾಯಿ ಬೀಳುವುದಕ್ಕೆ ಹೆದರಿಕೆ ಹೆಚ್ಚು. ಹೊಸದಾಗಿ ಹುಟ್ಟಿದ್ದನ್ನು ಇದೆ ಎನ್ನುವುದಿಲ್ಲ, ಚೆಂದ ಎನ್ನುವುದಿಲ್ಲ, ಲೆಕ್ಕ ಹೇಳುವುದಿಲ್ಲ. ಬಾಣಂತಿಯನ್ನು ಕೇಳಿದರೆ, ಏನೋ ಒಂದು ಹಲ್ಲಿಮರಿ ಹುಟ್ಟಿದೆ ಎನ್ನುತ್ತಾಳೆ.

ಸೊಫಿಯಾನ್ ಚಹಾ ಕುಡಿದು, ಇಲ್ಲಿ ಯಾವತ್ತಾದರೂ ಸಸಿ ಕಂಡಿದ್ದೀರಾ ಎಂದು ಅರಬ್ಬಿಯಲ್ಲಿ ಕೇಳಿದ. ನಾನು ನಮ್ಮ ಮಾತಿಗೆ ತಿರುಗಿಸಿದೆ. ಕೆನ್ನುವಾ ಸೆರಗನ್ನು ಬಾಯಿಗೆ ಎಳೆದುಕೊಂಡಳು.

"ಏನೂ ಇಲ್ಲ. ಈ ಕಲ್ಲಲ್ಲಿ ಏನ್ ಹುಟ್ಟತ್ತೆ?"

ಮುಳ್ಳಿನ ಸುತ್ತಿನಲ್ಲಿ ಏನಿದೆ ಎಂದು ಅವನು ಕೇಳಿದ್ದಕ್ಕೆ ಕಾಯಿಲೆಯ ಮೇಕೆಮರಿ ಎಂದಳು. ಸೊಫಿಯಾನ್ ನನ್ನ ಮುಖ ನೋಡಿದ. ನಾನು ಅವಳ ಮಾತನ್ನಷ್ಟೇ ದಾಟಿಸಿದೆ. ಸಸಿ ಇಲ್ಲ, ಕಾರಣ ಮೇಕೆ ಎಂದು ಅವನು ಬರೆದುಕೊಂಡ.

ಬೇಸಿಗೆ ಏರುವ ಹೊತ್ತಿಗೆ ಜಾನೆತ್ ಊರಿನ ಕಚೇರಿಯಿಂದ ಕಾಗದ ಬಂತು. ನಾನೇ ಒಯ್ದು ಓದಿ ಹೇಳಿದೆ. ಅಳಿಯುತ್ತಿರುವ ಗಿಡಮರಗಳ ಪಟ್ಟಿಯಲ್ಲಿ ತಾರೂತನ್ನು ಇನ್ನೊಂದು ಮೆಟ್ಟಿಲು ಇಳಿಸಿ ಅಳಿವಿನ ಕಟ್ಟಕಡೆಯ ಅಂಚು ಎಂಬ ಸಾಲಿಗೆ ಹಾಕಿದ್ದರು. ಸಸಿಗಳು ಹುಟ್ಟಿ ಬದುಕುವಂತಾಗಲು ಕಣಿವೆಯಲ್ಲಿ ಮೇಕೆ ಮೇಯಿಸುವುದು ನಿಷೇಧ. ಒಂದು ತಿಂಗಳೊಳಗೆ ಜಾಗ ಬಿಡಬೇಕು. ಪ್ರವಾಸಿಗಳಿಗೆ ಮಾತ್ರ ಪರವಾನಗಿ ಮೇಲೆ ಪ್ರವೇಶ. ತಾರೂತ್ ಕಡಿದು ಬಾಗಿಲು, ತೊಲೆ ಮಾಡಿಕೊಂಡ ಮನೆಗಳು ಇವತ್ತೂ ಊರಿನಲ್ಲಿ ನಿಂತಿವೆ, ಆ ಮನೆಗಳಿಗೆ ಯಾವ ಕಾಗದವೂ ಹೋಗಲಿಲ್ಲ. ಕಾಗದ ಬಂದದ್ದು ನೀರು ಹೊತ್ತವಳಿಗೆ.

ಕೆನ್ನುವಾ ಮುಳ್ಳಿನ ಸುತ್ತಿನ ಕಡೆ ನೋಡಿದಳು. ಸರಿ, ಇದರ ವಿಷಯ ಹೇಳಿಬಿಡು ಅವರಿಗೆ ಎಂದಳು. ನಾನು ಬೆಟ್ಟ ಇಳಿದು ಹೋಗಿ ಫೋನಿನಲ್ಲಿ ಸೊಫಿಯಾನನಿಗೆ ಹೇಳಿದೆ. ಅವನು ನಿಟ್ಟುಸಿರಿಟ್ಟ. ಅವತ್ತೇ ಹೇಳಬೇಕಿತ್ತು ಮಾರಾಯ, ಈಗ ಹೇಳಿದರೆ ಜಾಗ ಉಳಿಸಿಕೊಳ್ಳಲು ಎಲ್ಲಿಂದಲೋ ತಂದು ನೆಟ್ಟಿದ್ದಾಳೆ ಅಂತಾರೆ, ಮುಂದಿನ ಎಣಿಕೆ ಹತ್ತು ವರ್ಷಕ್ಕೆ ಎಂದ. ಬಂದು ನೋಡಿ ಎಂದೆ. ತಂಡಕ್ಕೆ ಮಂಜೂರಾತಿ ಇಲ್ಲ ಎಂದ.

ಹಿಂದಿರುಗಿ ಹೇಳಿದಾಗ ಅವಳು ಮುಳ್ಳು ಸರಿಸುತ್ತಿದ್ದಳು.

"ನಾನು ಹೋದ ಮೇಲೆ ಇದಕ್ಕೆ ನೀರು ಹಾಕೋರು ಯಾರು?"

ಮುಳ್ಳನ್ನು ಪಕ್ಕಕ್ಕೆಸೆದು ಸೊಂಟದ ಚಾಕು ತೆಗೆದಳು.

"ಹೆಂಗೂ ಸಾಯತ್ತೆ. ಸುಮ್ನೆ ಯಾಕೆ ಸಾಯ್ಬೇಕು? ಸಾಕ್ಷಿ ಹೇಳಿ ಸಾಯಲಿ."

ತಡೆಯಲು ಕೈ ಚಾಚಿದೆ. ಅವಳು ನನ್ನ ಕೈಯನ್ನು ಮೇಕೆಯ ಮೂತಿ ತಳ್ಳಿದಂತೆ ತಳ್ಳಿದಳು. ಚಾಕುವಿನ ತುದಿಯಿಂದ ಬಿರುಕನ್ನು ಕೆದಕುತ್ತ ಅರ್ಧ ದಿನ ಕೂತಳು. ಗೇಣುದ್ದದ ಸಸಿಗೆ ಅವಳ ತೋಳಿಗಿಂತ ಉದ್ದದ ಬೇರಿತ್ತು. ಬಂಡೆಯ ಸಂದಿಗೆ ಹೊಂದಿಕೊಂಡು ಚಪ್ಪಟೆಯಾಗಿದ್ದ ಬೇರು. ನೆಟ್ಟ ಗಿಡಕ್ಕೆ ಅಂಥದು ಬರುವುದಿಲ್ಲ. ಹಸಿ ಮಣ್ಣಿನೊಂದಿಗೆ ಅದನ್ನು ತೊಗಲಚೀಲದಲ್ಲಿ ಇಟ್ಟುಕೊಂಡು, ನನ್ನ ಜೊತೆ ಒಂದು ಹಗಲಿನ ದಾರಿ ಇಳಿದು ಕಚೇರಿಗೆ ಬಂದು, ಅಧಿಕಾರಿಯ ಮೇಜಿನ ಮೇಲೆ ಮಲಗಿಸಿದಳು.

ಗುಮಾಸ್ತರೆಲ್ಲ ಎದ್ದು ಬಂದರು. ಎಷ್ಟು ಮುದ್ದಾಗಿದೆ, ಎಷ್ಟು ಹಸಿರಾಗಿದೆ ಎಂದರು. ಒಬ್ಬೊಬ್ಬರ ಮಾತಿಗೂ ಅವಳು ಏಟು ಬಿದ್ದವಳಂತೆ ಮೈ ಕುಗ್ಗಿಸುತ್ತಿದ್ದಳು.

ಅಧಿಕಾರಿ ಬೇರನ್ನು ನೋಡಿದ. ತಾನಾಗಿ ಹುಟ್ಟಿದ್ದೇ ಎಂದು ಒಪ್ಪಿಕೊಂಡ. ಒಪ್ಪಿಕೊಂಡು ಇನ್ನೊಂದು ಹಾಳೆ ತೆಗೆದ. ಸಂರಕ್ಷಿತ ಮರದ ಸಸಿಯನ್ನು ಕಿತ್ತದ್ದು ಅಪರಾಧ. ಕಿತ್ತವರು ಯಾರು, ಬರೆಸಿ.

"ಕಿತ್ತಿದ್ದು ನಾನೇ. ನಾಲ್ಕು ವರ್ಷ ಸಾಕಿದ್ದೂ ನಾನೇ. ಅದನ್ನೂ ಬರ್ಕೊಳ್ಳಿ," ಎಂದಳು.

ಅದಕ್ಕೆ ಹಾಳೆಯಲ್ಲಿ ಜಾಗವಿಲ್ಲ ಎಂದ. ಎಣಿಕೆಯ ದಿನ ನಿನಗೆ ಇದು ಗೊತ್ತಿತ್ತೇ ಎಂದು ನನ್ನ ಕಡೆ ತಿರುಗಿದ. ಗೊತ್ತಿತ್ತು ಎಂದರೆ ದಾರಿ ತೋರಿಸುವ ನನ್ನ ಪರವಾನಗಿ ಹೋಗುತ್ತಿತ್ತು. ಗೊತ್ತಿತ್ತು ಎಂದರೆ ಅವಳ ಮಾತಿಗೆ ಒಬ್ಬ ಸಾಕ್ಷಿ ಸಿಗುತ್ತಿತ್ತು. ಕಣಿವೆಯಲ್ಲಿ ನನ್ನ ಬಾಯಿ ಕಟ್ಟಿದ್ದು ನಮ್ಮ ಪದ್ಧತಿ. ಕಚೇರಿಯಲ್ಲಿ ಕಟ್ಟಿದ್ದು ಯಾವುದು? ಅದಕ್ಕೆ ಹಿರಿಯರನ್ನು ದೂರಲಾರೆ.

ಗೊತ್ತಿರಲಿಲ್ಲ ಎಂದೆ.

ಕೆನ್ನುವಾ ಬೈಯಲಿಲ್ಲ. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದಳು. ಈಗ ಊರ ಹೊರಗಿನ ಗುಡಿಸಲುಗಳಲ್ಲಿ ಇದ್ದಾಳೆ. ಮೇಕೆಗಳು ರಟ್ಟಿನ ಪೆಟ್ಟಿಗೆ ತಿನ್ನುತ್ತವೆ.

ಸಸಿಯನ್ನು ಕಚೇರಿಯವರು ಕತ್ತರಿಸಿದ ನೀರಿನ ಬಾಟಲಿಯಲ್ಲಿ ನೆಟ್ಟು ಕಿಟಕಿಯಲ್ಲಿಟ್ಟರು. ಒಂಬತ್ತು ದಿನ ಹಸಿರಾಗಿತ್ತು. ಒಣಗಿದ ಮೇಲೆ ಬೇರು ಸಮೇತ ಕಾಗದಕ್ಕೆ ಅಂಟಿಸಿ, ಗಾಜು ಹಾಕಿಸಿ, ಗೋಡೆಗೆ ತೂಗಿದ್ದಾರೆ. ಕೆಳಗೆ ಮರದ ಹೆಸರು, ಕಣಿವೆಯ ಹೆಸರು, ತಾರೀಕು. ಪರವಾನಗಿಗೆ ಮುದ್ರೆ ಹಾಕಿಸಲು ಹೋದಾಗಲೆಲ್ಲ ನಾನು ಅದರ ಎದುರಿನ ಬೆಂಚಿನ ಮೇಲೆ ಕೂರಬೇಕು.